ಊರಿಗೊಂದು ನೋಟು

ಹಿಂದೆ ನನ್ನ ಪಕ್ಕದ ಮೇಜಿನಲ್ಲಿದ್ದವರ ಮಗಳು ಫೋನ್ ಮಾಡಿದಾಗ ನಾನು ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ಕೂತು ಒಂದು ಚರಂಡಿಯ ನಕ್ಷೆಯ ಜೊತೆ ಜಗಳವಾಡುತ್ತಿದ್ದೆ. ಅವರು ಮಂಗಳೂರಿನಲ್ಲಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಸುದ್ದಿ ನನಗೆ ಮುಟ್ಟಿತ್ತು. ಮಗಳಿಗೆ ಒಂದು ಮಾತು ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ, ಹೇಳಿರಲಿಲ್ಲ. ಸಾವಿನ ಮನೆಗೆ ಫೋನ್ ಮಾಡುವ ಧೈರ್ಯ ನನಗೆ ಮೊದಲಿನಿಂದಲೂ ಕಡಿಮೆ.

"ಅಂಕಲ್, ಮುಂದಿನ ವಾರ ಪಪ್ಪನ ತಿಂಗಳ ಪೂಜೆ, ಇಲ್ಲಿ ದುಬೈ ಚರ್ಚಲ್ಲಿ. ಬಂದವರಿಗೆ ಒಂದು ಕಾರ್ಡ್ ಕೊಡುವ ಕ್ರಮ ಉಂಟು. ಫೋಟೋ, ಕೆಳಗೆ ಒಂದು ಪ್ರಾರ್ಥನೆ. ನಂಗೆ ಅದು ಬೇಡ. ಪಪ್ಪ ಎಲ್ಲರಿಗೆ ಒಂದು ನೋಟು ಬಿಡಿಸಿ ಕೊಡ್ತಿದ್ರಲ್ಲ, ಅದೇ ತರ ಒಂದು ಮಾಡಿ ಕೊಡ್ತೀರಾ? ಪಪ್ಪನ ಊರಿನ ಕತೆ ಹಾಕಿ. ನೀವು ಅವರ ಹತ್ರವೇ ಹನ್ನೊಂದು ವರ್ಷ ಕೂತವರು, ನಿಮ್ಗೆ ಗೊತ್ತಿರ್ತದೆ."

"ಆಯ್ತಮ್ಮ, ಶುಕ್ರವಾರ ನಿಮ್ಮನೆಗೇ ಬರ್ತೀನಿ" ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅವರ ಊರಿನ ಕತೆ ಯಾವುದೆಂದು ನೆನಪಿಸಿಕೊಳ್ಳಲು ಕೂತೆ. ಅವತ್ತು ನೆನಪಾಗಲಿಲ್ಲ. ಮರುದಿನವೂ ಆಗಲಿಲ್ಲ. ಬೇರೆಯವರ ಊರಿನ ಕತೆಗಳೆಲ್ಲ ಒಂದಾದ ಮೇಲೊಂದು ಬಂದವು, ಅವರದು ಬರಲಿಲ್ಲ. ಈ ಬರಹ ಆ ಹುಡುಕಾಟದ್ದೇ.

ಅವರ ಹೆಸರನ್ನು ಬರೆಯುವುದಿಲ್ಲ. ನೋಟೀಸ್ ಬೋರ್ಡಿನಲ್ಲಿ ತನ್ನ ಹೆಸರು ಬಂದರೆ ನಾಲ್ಕು ದಿನ ಹಿಂಬಾಗಿಲಿನಿಂದ ಓಡಾಡುತ್ತಿದ್ದ ಮನುಷ್ಯ. ಕರಾವಳಿಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಸೇರಿದಾಗ ಆಗಲೇ ಅವರಿಗೆ ನಲವತ್ತೈದು ದಾಟಿತ್ತು. ರಸ್ತೆ, ಸೇತುವೆಗಳ ನಕ್ಷೆ ಮಾಡಿಕೊಡುವ ನಮ್ಮ ಕಂಪನಿಯಲ್ಲಿ ನಕ್ಷೆಗಳನ್ನು ಜೋಪಾನ ಮಾಡುವುದು ಅವರ ಕೆಲಸ. ಒಂದು ಮೇಜು, ಗೋಡೆಯುದ್ದಕ್ಕೂ ಸುರುಳಿ ಸುತ್ತಿಟ್ಟ ಹಾಳೆಗಳು, ನಡುವೆ ಅವರು. ಯಾವ ಸೇತುವೆಯ ಯಾವ ಹಾಳೆ ಎಲ್ಲಿದೆ ಎಂದು ಕೇಳಿದರೆ ಕುರ್ಚಿ ಬಿಟ್ಟೇಳದೆ ಬೆರಳು ತೋರಿಸುತ್ತಿದ್ದರು. ಅಲ್ಲೇ ಇರುತ್ತಿತ್ತು. ನನ್ನ ಮೇಜು ಅವರ ಮೇಜಿಗೆ ತಾಗಿಕೊಂಡಿತ್ತು. ನಾನು ಮೈಸೂರು ಕಡೆಯವನು, ಬಾಯಿ ಸ್ವಲ್ಪ ಜೋರು. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತಿನಲ್ಲಿ ಮುಕ್ಕಾಲು ಪಾಲು ನನ್ನದೇ.

ನೋಟಿನ ವಿಷಯ ಶುರುವಾದದ್ದು ಹೀಗೆ. ನಮ್ಮಲ್ಲಿ ಒಬ್ಬ ವಯಸ್ಸಾದ ಜರ್ಮನ್ ಎಂಜಿನಿಯರ್ ಇದ್ದರು. ಕೆಲಸ ಮುಗಿಸಿ ಹೊರಡುವ ದಿನ ನಮಗೆಲ್ಲ ಪೆನ್ನು, ಟೈ ಹಂಚಿ, ಇವರ ಕೈಗೆ ಮಾತ್ರ ಒಂದು ಹಳೆಯ ಸಿಗಾರ್ ಡಬ್ಬಿ ಕೊಟ್ಟರು. ಇವರಿಗೆ ಬಂಗಾರವೇ ಸಿಕ್ಕಿತೆಂದು ನಾವು ಇಣುಕಿ ನೋಡಿದರೆ ಒಳಗೆ ಬರೀ ಕಾಗದ. ಅಂಗೈಯಗಲದ, ಬಣ್ಣಬಣ್ಣದ ಸಣ್ಣ ನೋಟುಗಳು, ನೂರರ ಮೇಲಿದ್ದವು. ಮೊದಲನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಚಿಲ್ಲರೆ ನಾಣ್ಯ ಸಿಗದಂತಾಗಿ ಸಣ್ಣ ಸಣ್ಣ ಊರುಗಳೆಲ್ಲ ತಾವೇ ನೋಟು ಅಚ್ಚು ಹಾಕಿಸಿಕೊಂಡವಂತೆ. ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅದು ನಡೆಯಿತು. 'ನೋಟ್‌ಗೆಲ್ಡ್' ಎನ್ನುತ್ತಾರೆ, ಕಷ್ಟಕಾಲದ ಹಣ ಎಂದರ್ಥ. ಆ ಊರಿನ ನೋಟು ಆ ಊರಿನಲ್ಲಿ ಮಾತ್ರ ನಡೆಯುತ್ತಿತ್ತು, ಹೊಳೆ ದಾಟಿದರೆ ಬರೀ ಚೀಟಿ.

ಇವರಿಗೆ ಹುಚ್ಚು ಹಿಡಿಸಿದ್ದು ಆ ಕಾಗದದ ಮೇಲಿನ ಚಿತ್ರಗಳು. ಒಂದರಲ್ಲಿ ಮಾಟಗಾತಿಯರು ಪೊರಕೆ ಏರಿ ಬೆಟ್ಟಕ್ಕೆ ಹೊರಟಿದ್ದರು. ಒಂದರಲ್ಲಿ ಕೊಳಲಿನವನ ಹಿಂದೆ ಊರಿನ ಇಲಿಗಳೆಲ್ಲ ಮೆರವಣಿಗೆ ಹೊರಟಿದ್ದವು. ಇನ್ನೊಂದನ್ನು ಅವರು ಎಲ್ಲರಿಗೂ ತೋರಿಸುತ್ತಿದ್ದರು. ಚರ್ಚಿನ ಮಾಡಿನ ಮೇಲೆ ಹುಲ್ಲು ಬೆಳೆದಿದೆ, ಹೋರಿ ಮೇಯಲಿ ಎಂದು ಊರಿನವರು ಅದರ ಕುತ್ತಿಗೆಗೇ ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದಾರೆ. ಹೋರಿಯ ನಾಲಿಗೆ ಹೊರಬಂದಿದೆ. ಕೆಳಗೆ ನಿಂತವರು, ನೋಡಿ ಆಗಲೇ ಹುಲ್ಲು ನೆಕ್ಕಲು ಶುರು ಮಾಡಿತು, ಎಂದು ಸಂತೋಷಪಡುತ್ತಿದ್ದಾರೆ. ಆ ಊರಿನವರನ್ನು ಸುತ್ತಲಿನ ಊರಿನವರು ಇದೇ ಕತೆ ಹೇಳಿ ಆಡಿಕೊಳ್ಳುತ್ತಿದ್ದರಂತೆ.

ಒಂದು ಜರ್ಮನ್ ನಿಘಂಟು ಕೊಂಡು, ಊಟದ ಹೊತ್ತಿನಲ್ಲಿ ಟಿಫಿನ್ ಡಬ್ಬಿ ಬಿಚ್ಚದೆ ಚಿತ್ರಗಳ ಕೆಳಗಿನ ಸಾಲುಗಳ ಅರ್ಥ ಬಿಡಿಸುತ್ತಾ ಕೂರುತ್ತಿದ್ದರು. ಕೆಲವು ಸಾಲು ನಿಘಂಟಿಗೂ ಸಿಗಲಿಲ್ಲ, ಆಯಾ ಊರಿನ ಆಡುಮಾತಂತೆ. ಹೊಸದಾಗಿ ಬಂದಿದ್ದ ಜರ್ಮನ್ ಎಂಜಿನಿಯರನಿಗೂ ಗೊತ್ತಾಗದೆ ಅವನು ತನ್ನ ಅಜ್ಜಿಗೆ ಫೋನ್ ಹಚ್ಚಿ ಕೇಳಿ ಹೇಳಿದ. ಮೀನಿನ ಸಾರು ತಣ್ಣಗಾಗುತ್ತಿತ್ತು, ನನ್ನ ತಲೆ ಬಿಸಿಯಾಗುತ್ತಿತ್ತು.

"ಸತ್ತೋಗಿರೋ ದುಡ್ಡಿಗೆ ಏನ್ ಸಾರ್ ಇಷ್ಟು ಪೂಜೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಅಲ್ಲ ಮಾರಾಯ್ರೆ, ನೋಡಿ" ಎಂದರು. "ತಿನ್ಲಿಕ್ಕೆ ಇಲ್ಲ, ಯುದ್ಧಕ್ಕೆ ಹೋದ ಮಕ್ಕಳು ವಾಪಾಸು ಬರ್ಲಿಲ್ಲ. ಆಗ ಈ ಊರಿನವರು ಎಂತ ಮಾಡಿದ್ರು? ಪಕ್ಕದೂರಿನವರು ನಮ್ಮನ್ನು ನೋಡಿ ನಗ್ತಾರಲ್ಲ, ಆ ಕತೆಯನ್ನೇ ದುಡ್ಡಿನ ಮೇಲೆ ಹಾಕಿದ್ರು. ರಾಜನ ಮುಖ ಯಾರು ಬೇಕಾದ್ರೂ ಹಾಕ್ತಾರೆ. ಇದಕ್ಕೆ ಧೈರ್ಯ ಬೇಕು."

ಅವರ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಗಲ್ಫಿನ ಆಫೀಸು ಎಂದರೆ ತಿಂಗಳಿಗೊಬ್ಬರಿಗೆ ಬೀಳ್ಕೊಡುಗೆ. ವೀಸಾ ಮುಗಿಯಿತು, ಪ್ರಾಜೆಕ್ಟ್ ಮುಗಿಯಿತು, ಖಲಾಸ್. ಒಂದು ಕೇಕು, ಒಂದು ಗಡಿಯಾರ, ಮರುದಿನ ಆ ಕುರ್ಚಿಯಲ್ಲಿ ಇನ್ನೊಬ್ಬ. ಇವರು ಆ ಡಬ್ಬಿ ಬಂದ ಮೇಲೆ ಹೊಸ ಕ್ರಮ ಶುರು ಮಾಡಿದರು. ಹೊರಡುವ ಪ್ರತಿಯೊಬ್ಬನಿಗೂ ಅವನ ಊರಿನ ಹೆಸರಿನಲ್ಲಿ ಒಂದು ನೋಟು, ಕೈಯಲ್ಲೇ ಬಿಡಿಸಿದ್ದು. ಬೆಲೆ ಎಲ್ಲದರ ಮೇಲೂ ಆ ಜರ್ಮನ್ ನೋಟುಗಳ ಹಾಗೆ ಐವತ್ತು ಫೆನಿಗ್, ಅಂದರೆ ಅವರ ಐವತ್ತು ಪೈಸೆ. ಕೆಳಗೆ 'ಈ ಊರಿನ ಹದ್ದಿನೊಳಗೆ ಮಾತ್ರ ಚಲಾವಣೆ' ಎಂಬ ಸಾಲು, ಅದನ್ನು ಹೊರಡುವವನೇ ತನ್ನ ಭಾಷೆಯಲ್ಲಿ ಬರೆಯಬೇಕು. ನಡುವಿನ ಚಿತ್ರಕ್ಕಾಗಿ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಪ್ರಶ್ನೆ: "ನಿಮ್ಮ ಊರಿನವರನ್ನು ಪಕ್ಕದೂರಿನವರು ಎಂತ ಹೇಳಿ ತಮಾಷೆ ಮಾಡ್ತಾರೆ?"

ಮೊದಮೊದಲು ಎಲ್ಲರಿಗೂ ಸಿಟ್ಟು. ಪೇಶಾವರದ ಕಡೆಯ ಡ್ರೈವರ್ ಅಂತೂ, ನಮ್ಮ ಊರನ್ನು ಯಾರೂ ತಮಾಷೆ ಮಾಡುವುದಿಲ್ಲ, ಮಾಡಿದವರು ಈಗ ಬದುಕಿಲ್ಲ, ಎಂದು ಮೀಸೆ ತಿರುವಿದ. ಇವರು ಸುಮ್ಮನೆ ಗಲ್ಲಕ್ಕೆ ಕೈಕೊಟ್ಟು ಕೂತರು. ಅವರು ಹಾಗೆ ಕೂತರೆ ಎದುರಿಗಿದ್ದವನಿಗೆ ಮಾತಾಡದೆ ಇರಲಾಗುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಡ್ರೈವರ್ ಬಾಯಿ ಬಿಟ್ಟ. ಅವನ ತಾತಂದಿರು ಪಕ್ಕದ ಊರಿನ ಕತ್ತೆ ಕದಿಯಲು ಹೋಗಿ, ಕತ್ತಲಲ್ಲಿ ತಮ್ಮ ಕತ್ತೆಯನ್ನೇ ಅಲ್ಲಿ ಕಟ್ಟಿಹಾಕಿ ಬಂದರಂತೆ. ಹೇಳುತ್ತಾ ಹೇಳುತ್ತಾ ಆ ಆರಡಿ ಆಸಾಮಿ ಕಣ್ಣೊರೆಸಿಕೊಂಡು ನಕ್ಕ. ಕತ್ತೆಯ ಕೊರಳಹಗ್ಗ ಹಾಗಲ್ಲ ಹೀಗೆ ಎಂದು ತಿದ್ದಲು ಅವನು ಮೂರು ಸಲ ನಮ್ಮ ಮಹಡಿ ಹತ್ತಿ ಬಂದ. ಮೂರು ಸಲವೂ ಇವರು ಹಳೆಯ ಹಾಳೆ ಹರಿದು ಹೊಸದು ಶುರು ಮಾಡಿದರು.

ರಿಸೆಪ್ಶನ್ನಿನ ಫಿಲಿಪಿನೋ ಹೆಣ್ಣುಮಗಳ ಊರಿನವರು ಬಿರುಗಾಳಿಗೆ ಹಾರಿಹೋಗಬಾರದೆಂದು ಚರ್ಚಿಗೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ದೋಣಿಗೆ ಬಿಗಿದವರಂತೆ. ಮಲಬಾರಿನ ಸರ್ವೇಯರನ ಊರಿನವರು ದೋಣಿಗೆ ಬೀಗ ಹಾಕಿ ಬೀಗದ ಕೈಯನ್ನು ಆಚೆ ದಡದಲ್ಲಿ ಮರೆತವರಂತೆ. ಇದನ್ನೆಲ್ಲ ನಾನು ಪಕ್ಕದ ಮೇಜಿನಿಂದ ಕೇಳಿಸಿಕೊಂಡದ್ದು. ಅವರು ನಡುವೆ ಒಂದು ಮಾತೂ ಸೇರಿಸುತ್ತಿರಲಿಲ್ಲ. ನಗುವುದೂ ಕೊನೆಯಲ್ಲಿ, ಹೇಳುವವನು ನಕ್ಕ ಮೇಲೆ.

ನನ್ನದೂ ಒಂದಿದೆ. ಒಂದು ವರ್ಷ ಕೆಲಸ ಕಡಿಮೆಯಾಗಿ ನನಗೂ ನೋಟೀಸ್ ಕೊಟ್ಟಿದ್ದರು. ಅವರು ನನ್ನನ್ನು ಕೂರಿಸಿಕೊಂಡು ನಮ್ಮೂರಿನ ಕತೆ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು, ಹೊಟ್ಟೆಪಾಡಿನ ಚಿಂತೆಯಲ್ಲಿ ಇವರದೊಂದು ಹುಚ್ಚು ಎಂದು. ಆದರೂ ಹೇಳಿದೆ. ನಮ್ಮೂರಿನ ಕೆರೆ ಏರಿ ಒಡೆದಾಗ ಮಣ್ಣು ಹಾಕುವುದು ಬಿಟ್ಟು ಎಲ್ಲರೂ ಅರ್ಜಿ ಬರೆಸಲು ಶಾನುಭೋಗರ ಮನೆಗೆ ಓಡಿದರಂತೆ. ಅರ್ಜಿಗೆ ರುಜು ಬೀಳುವ ಹೊತ್ತಿಗೆ ಶಾನುಭೋಗರ ಮೇಜೇ ತೇಲುತ್ತಿತ್ತಂತೆ. ಸುತ್ತಲಿನವರಿಗೆ ನಾವು ಇಂದಿಗೂ ಅರ್ಜಿ ಊರಿನವರು. ಅವರು ಬಿಡಿಸಿದ ನೋಟಿನಲ್ಲಿ ಶಾನುಭೋಗರು ಎದೆಮಟ್ಟದ ನೀರಿನಲ್ಲಿ ನಿಂತು ಮಸಿಕುಡಿಕೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ನೋಡಿ ನಾನು ನಕ್ಕೆ, ಆಮೇಲೆ ಯಾಕೋ ಬಾತ್‌ರೂಮಿಗೆ ಹೋಗಿ ಅತ್ತೆ. ಅಷ್ಟು ಹೊತ್ತಿಗೆ ನಮ್ಮೂರನ್ನು ಬಿಟ್ಟು ನಾನು ಎಷ್ಟೋ ದೂರ ಬಂದಿದ್ದೆ. ಕೊನೆಗಳಿಗೆಯಲ್ಲಿ ಕೆಲಸ ಉಳಿಯಿತು. ನೋಟು ವಾಪಸು ಕೊಡಲು ಹೋದರೆ, "ಇರ್ಲಿ, ವಾಪಾಸು ತಗೊಳ್ಳುವ ಕ್ರಮ ಇಲ್ಲ" ಎಂದರು.

ಹೀಗೆ ಎಲ್ಲರ ಊರೂ ಅವರ ಕೈಯಿಂದ ಹಾದುಹೋಯಿತು. ಅವರ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೆ. ಮಂಗಳೂರು ಕಡೆ. ಹೆಂಡತಿ ಬೇಗ ತೀರಿಕೊಂಡರು, ಒಬ್ಬಳೇ ಮಗಳು ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬೆಳೆದಳು, ದುಬೈಯಲ್ಲಿ ಕೆಲಸ ಹಿಡಿದು ಮದುವೆಯಾದಳು. ಮಂಗಳೂರು ಎಂದ ಮೇಲೆ ನನಗೆ ಸಮುದ್ರ, ತೆಂಗು, ಚರ್ಚು, ಮೀನು. ಅಷ್ಟು ಸಾಕು ಅನ್ನಿಸಿತ್ತು.

ಆಮೇಲೆ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋದವು. ಗೋಡೆಯ ಸುರುಳಿಗಳನ್ನು ಲಾರಿಗೆ ತುಂಬಿದರು. ಅವರನ್ನು ನನ್ನ ಮೇಜಿನಾಚೆಗೇ ಇದ್ದ ಪ್ರಿಂಟರಿನ ಪಕ್ಕ ಕೂರಿಸಿ ಕಾಗದ ತುಂಬುವ ಕೆಲಸ ಕೊಟ್ಟರು. ನಾನಾಗಿದ್ದರೆ ಮ್ಯಾನೇಜರನ ಕೋಣೆಯ ಬಾಗಿಲು ಮುರಿಯುತ್ತಿದ್ದೆ. ಅವರು ಮೊದಲ ದಿನವೇ ಕಾಗದದ ಕಟ್ಟುಗಳನ್ನು ಅಳತೆಯ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಒಂದು ಬಾಟಲಿ ನೀರಿಟ್ಟುಕೊಂಡು ಕೂತರು.

ಆ ಕೊನೆಯ ಎರಡು ವರ್ಷವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರ ಮೈಬಣ್ಣ ಕಪ್ಪಿಡುತ್ತಿತ್ತು. ಊಟದ ಡಬ್ಬಿಯನ್ನು ಮುಚ್ಚಿದ ಹಾಗೆಯೇ ವಾಪಸು ಒಯ್ಯುತ್ತಿದ್ದರು. ಶುಕ್ರವಾರ ರಜೆಯಾದ್ದರಿಂದ ಗುರುವಾರ ಅರ್ಧ ದಿನ, ಅದು ಮುಗಿಯುತ್ತಲೇ ಎಲ್ಲಿಗೋ ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದು ನಾವು ಅವರನ್ನು ಕೇಳಲಿಲ್ಲ, ನಮ್ಮ ನಮ್ಮಲ್ಲೇ ಊಹಿಸಿ ನಗುತ್ತಿದ್ದೆವು. ಮೇಜಿನ ಕೆಳಗೆ ಬೂಟು ಬಿಚ್ಚಿಟ್ಟು ಕೂರುತ್ತಿದ್ದರು. ಒಂದು ಮಧ್ಯಾಹ್ನ ಬಿದ್ದ ಪೆನ್ನು ಎತ್ತಲು ಬಗ್ಗಿದಾಗ ಅವರ ಪಾದ ಕಂಡಿತು. ಊದಿಕೊಂಡು ಕಾಲುಚೀಲದ ಅಂಚು ಮಾಂಸದೊಳಗೆ ಇಳಿದಿತ್ತು. ಎಲುಬಿಲ್ಲದ ನಾಲಿಗೆ ನನ್ನದು. "ಏನ್ ಸಾರ್, ಈ ಸಲ ಬೋನಸ್ ಕಾಲಿಗೆ ಬಂತಾ?" ಎಂದೆ. ಸುತ್ತಲಿದ್ದವರು ನಕ್ಕರು. ಅವರೂ ನಕ್ಕು ಕಾಲನ್ನು ಒಳಗೆಳೆದುಕೊಂಡರು.

ಎರಡೂ ಮೂತ್ರಪಿಂಡ ಹೋಗಿದ್ದವು ಎಂದು ನನಗೆ ತಿಳಿದದ್ದು ಅವರು ಸತ್ತ ಮೇಲೆ.

ಒಂದು ದಿನ ರಾಜೀನಾಮೆ ಕೊಟ್ಟು ಬಂದು, "ಸಾಕಾಯ್ತು, ಹೋಗ್ತೇನೆ ಇನ್ನು" ಎಂದರು. ವಯಸ್ಸಾಯಿತು, ಹೋಗುತ್ತಾರೆ ಎಂದುಕೊಂಡೆವು. ಎಲ್ಲರಿಗೂ ನೋಟು ಬಿಡಿಸಿದವರಿಗೆ ಒಂದು ನೋಟು ಬೇಡವೇ ಎಂದು ಯಾರೋ ಅಂದರು. ಕೈ ಪಳಗಿದವನು ನಾನೊಬ್ಬನೇ. ಅವತ್ತು ಕೆಲಸದ ಒತ್ತಡ ಬೇರೆ. ಪಕ್ಕದಲ್ಲೇ ಕೂತಿದ್ದವರನ್ನು ಒಂದು ಮಾತು ಕೇಳಬಹುದಿತ್ತು. ಕೇಳುವುದೇನು, ಮಂಗಳೂರು ತಾನೆ ಎಂದು ಅರ್ಧ ಗಂಟೆಯಲ್ಲಿ ಬಿಡಿಸಿ ಮುಗಿಸಿದೆ. ಸಮುದ್ರ, ದೋಣಿ, ಎರಡು ತೆಂಗಿನ ಮರ, ನಡುವೆ ಚರ್ಚಿನ ಗೋಪುರ. ಕೇಕ್ ಕತ್ತರಿಸಿದ ಮೇಲೆ ಅದನ್ನು ಅವರ ಕೈಗಿತ್ತೆ. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹೆಗಲು ಮುಟ್ಟಿ, "ಗೆರೆ ಚಂದ ಬಂದಿದೆ ಮಾರಾಯ್ರೆ" ಎಂದು ಅಂಗಿಯ ಜೇಬಿಗೆ ಇಟ್ಟುಕೊಂಡರು. ನಾನು ಬೀಗಿದೆ.

ಶುಕ್ರವಾರ ದುಬೈಯ ಮಿರ್ದಿಫ್‌ನಲ್ಲಿದ್ದ ಮಗಳ ಮನೆಗೆ ಹೋದೆ. ಪೆನ್ನು, ಕಾಗದ ಎಲ್ಲ ಒಯ್ದಿದ್ದೆ, ಕತೆ ಮಾತ್ರ ಇರಲಿಲ್ಲ. ದಾರಿಯಲ್ಲಿ ಬಸ್ಸಿನಲ್ಲಿ ಕೂತು ಏನಾದರೊಂದು ಕಟ್ಟಿ ಹೇಳಿಬಿಡೋಣ ಎಂದೂ ಯೋಚಿಸಿದ್ದೆ. ಆ ಹುಡುಗಿಗೇನು ಗೊತ್ತಾಗುತ್ತದೆ ಎಂದು. ಮನೆಯೊಳಗೆ ಕಾಲಿಟ್ಟರೆ ಹಾಲಿನಲ್ಲಿ ಅವರ ಫೋಟೋ, ಮುಂದೆ ಮೇಣದಬತ್ತಿ. ಹುಡುಗಿ ಅವರದೇ ರೀತಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ನನ್ನೆದುರು ಕೂತಳು. ಕತೆ ಕಟ್ಟುವ ಯೋಚನೆಯನ್ನು ಅಲ್ಲೇ ಬಿಟ್ಟೆ.

"ನಂಗೆ ಗೊತ್ತಿಲ್ಲಮ್ಮ" ಎಂದೆ. "ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದ್ದೆ, ಒಂದು ದಿನಾನೂ ಕೇಳ್ಲಿಲ್ಲ. ಕೊನೆಗೆ ನೋಟು ಬಿಡಿಸ್ದಾಗ್ಲೂ ಕೇಳ್ಲಿಲ್ಲ."

ಅವಳು ಎದ್ದು ಒಳಗಿನಿಂದ ಅವರ ಪಾಸ್‌ಪೋರ್ಟ್ ತಂದಳು. ಅದರೊಳಗೆ ನನ್ನ ನೋಟಿತ್ತು. "ಪಪ್ಪನ ಊರಲ್ಲಿ ಸಮುದ್ರ ಇಲ್ಲ ಅಂಕಲ್" ಎಂದಳು. ಬೈಯುವ ದನಿಯಲ್ಲ. "ಕಾರ್ಕಳದಿಂದ ಆಚೆ, ಘಟ್ಟದ ಬುಡ. ಚರ್ಚು ಕೂಡ ಇಲ್ಲ, ಪಕ್ಕದೂರಿಗೆ ನಡೀಬೇಕು. ಅಷ್ಟೇ ನಂಗೆ ಗೊತ್ತಿರುದು. ನಾನು ಬೋರ್ಡಿಂಗಲ್ಲಿ ಬೆಳೆದವಳು. ಪ್ರತಿ ವಾರ ಫೋನ್ ಮಾಡ್ತಿದ್ದೆ, ಬರೀ ನಂದೇ ಹೇಳ್ತಿದ್ದೆ. ಆಫೀಸು, ಟ್ರಾಫಿಕ್ಕು, ಮನೆ ಬಾಡಿಗೆ. ಅವರು ಹೂಂ, ಹೂಂ ಅಂತ ಕೇಳ್ತಿದ್ರು. ಆಸ್ಪತ್ರೆಗೆ ಸೇರಿದ್ದು ಬೇರೆ ಯಾರೋ ಹೇಳಿ ಗೊತ್ತಾದ್ದು."

ಊರಿನಿಂದ ಬಂದಿದ್ದ ಅವಳ ಅತ್ತೆ, ಗಂಡನ ತಾಯಿ, ಅಲ್ಲೇ ಊಟದ ಮೇಜಿನ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಎಂತ ಕತೆ ಬೇಕಾದ್ದು ನಿಮ್ಗೆ?" ಎಂದು ಕೇಳಿದರು. ಪಕ್ಕದೂರಿನವರು ಆಡಿಕೊಳ್ಳುವ ಕತೆ ಎಂದೆ.

"ಆ ಪಕ್ಕದೂರು ನಮ್ಮದೇ ಅಲ್ವಾ. ಚರ್ಚಿರುವ ಊರು" ಎಂದರು. ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿದರು. "ತೀರಿಹೋದವರ ಊರನ್ನು ನಗಾಡಬಾರದು."

"ಹೇಳಿ ಮಾಂಯ್" ಎಂದಳು ಸೊಸೆ.

"ಹಿಂದೆ ಒಮ್ಮೆ ಆ ಊರಲ್ಲಿ ಒಬ್ಬರು ಸತ್ರಂತೆ. ಸತ್ತವರ ತಂಗಿಯನ್ನು ನಮ್ಮೂರಿಗೆ ಕೊಟ್ಟದ್ದು. ಸುದ್ದಿ ಹೇಳ್ಲಿಕ್ಕೆ ಅಂತ ಒಬ್ಬನನ್ನು ಕಳಿಸಿದ್ರು. ಬಂದ, ಜಗಲಿಯಲ್ಲಿ ಕೂತ. ಬೆಲ್ಲ ನೀರು ಕೊಟ್ರು, ಕುಡಿದ. ನಮ್ಮವರಿಗೆ ಅವತ್ತು ಭತ್ತ ಬಡಿಯುವ ಗಡಿಬಿಡಿ. ಬಂದವರು ಹೋದವರು ಎಲ್ಲ ಅವನ ಹತ್ರ ಮಾತಾಡಿದ್ರು, ನಗಾಡಿದ್ರು, ತಮಾಷೆ ಮಾಡಿದ್ರು. ಎಂತಕ್ಕೆ ಬಂದದ್ದು ಅಂತ ಮಾತ್ರ ಒಬ್ಬರೂ ಕೇಳ್ಲಿಲ್ಲ. ಕೇಳದೆ ಹೇಳುವ ಜನ ಅಲ್ಲ ಅವರು. ಸಂಜೆ ಆಯ್ತು, ಬರ್ತೇನೆ ಅಂತ ಹೇಳಿ ಎದ್ದು ಹೋದ. ಮೂರು ದಿನ ಕಳೆದು ತಂಗಿಗೆ ಗೊತ್ತಾಯ್ತು. ಮಣ್ಣಿಗೆ ಸಿಗ್ಲಿಲ್ಲ ಅವಳು. ಓಡಿ ಹೋಗಿ ಅವನಿಗೆ ಬೈದ್ರೆ, 'ನಾನು ಬಂದು ಇಡೀ ದಿನ ಕೂತಿದ್ದೆ ಅಲ್ವಾ, ನೀವು ಕೇಳ್ಲೇ ಇಲ್ಲ' ಅಂದನಂತೆ. ಈಗ್ಲೂ ನಮ್ಮಲ್ಲಿ ಯಾರಾದ್ರೂ ಬಾಯಿ ಬಿಡದೆ ಕೂತ್ರೆ, ಆ ಊರಿಂದ ಬಂದದ್ದಾ, ಯಾರು ಸತ್ರು ಹೇಳು, ಅಂತ ನಗಾಡ್ತಾರೆ."

ಹೇಳುವಾಗ ಅವರೂ ನಗುತ್ತಿದ್ದರು. ಕೊನೆಗೆ ಬಂದಾಗ ನಮ್ಮಿಬ್ಬರ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇದನ್ನೇ ಬಿಡಿಸಿ ಅಂಕಲ್" ಎಂದಳು ಹುಡುಗಿ.

ಆ ಮಧ್ಯಾಹ್ನ ಅದೇ ಮೇಜಿನ ಮೇಲೆ ಬಿಡಿಸಿದೆ. ಜಗಲಿಯ ಕಂಬ ಮರದ್ದೋ ಕಲ್ಲಿನದ್ದೋ ಎಂದು ಕೇಳಿದೆ. ನೀರು ಕೊಡುವುದು ಚೊಂಬಿನಲ್ಲೋ ಲೋಟದಲ್ಲೋ ಎಂದು ಕೇಳಿದೆ. ಆ ಕಡೆ ಗಂಡಸರು ಮುಂಡಾಸು ಹೇಗೆ ಸುತ್ತುತ್ತಾರೆಂದು ಕೇಳಿದೆ. ಆ ತಾಯಿ ಬೇಸರವಿಲ್ಲದೆ ಹೇಳಿದರು, ತಪ್ಪಿದಲ್ಲಿ ತಿದ್ದಿದರು, ಎರಡು ಹಾಳೆ ಹರಿದೆ. ಮೂರನೆಯದು ನಿಂತಿತು. ಜಗಲಿಯ ಮೇಲೆ ಕೂತವನು, ಅಂಗಳದಲ್ಲಿ ಭತ್ತ ಬಡಿಯುವವರು, ತಲೆ ಬಾಚಿಕೊಳ್ಳುವ ಹೆಂಗಸು, ಎಲ್ಲರಿಗಿಂತ ಮುಂದೆ ನಿಂತು ಚೊಂಬು ಚಾಚುತ್ತಿರುವ ಒಬ್ಬ ಗಂಡಸು. ಮಸಿ ಒಣಗುವವರೆಗೆ ಹುಡುಗಿ ಬಗ್ಗಿ ನೋಡುತ್ತಿದ್ದಳು.

"ಕೂತದ್ದು ಪಪ್ಪ, ಗೊತ್ತಾಯ್ತು" ಎಂದಳು. "ಇದು ಯಾರು ಅಂಕಲ್, ಹಲ್ಲು ಬಿಟ್ಟು ನಗ್ತಾ ನೀರು ಕೊಡುವವರು?"

"ಅದು ನಾನಮ್ಮ" ಎಂದೆ.